ಶಮ್‌ದೀನನ ದಸ್ತೂರ್

ನಮ್ಮಪ್ಪ ಮಿಸ್ತೊ ಬಿಟ್ಲಿಸ್ ಊರಿನಲ್ಲಿ ಮಾಳಿಗೆ ಉರುಳಿಸುತ್ತಿದ್ದ. ಅವನ ಆಸ್ತಿ ಎಂದರೆ ಒಂದು ಉರುಳುಗಲ್ಲು, ಅದನ್ನು ಎಳೆಯುವ ಕವಲುಕೋಲು, ಮೂವರು ಹೆಣ್ಣುಮಕ್ಕಳು. ನಾನು ಮೂರನೆಯವಳು. ನನ್ನ ಹೆಸರು ಬೆಸ್ನಾ, ಅಂದರೆ ಸಾಕು. ಆ ಮಾತನ್ನು ನನಗಲ್ಲ, ದೇವರಿಗೆ ಹೇಳಿದ್ದು ಎಂದು ಅವ್ವ ಸಮಾಧಾನ ಮಾಡುತ್ತಿದ್ದಳು. ದೇವರು ಕೇಳಿಸಿಕೊಂಡ. ಆಮೇಲೆ ಗಂಡುಮಗುವನ್ನೂ ಕೊಡಲಿಲ್ಲ.

ನಮ್ಮೂರಿನ ಮಾಳಿಗೆಗಳೆಲ್ಲ ಮಣ್ಣಿನವು. ಚಳಿಗಾಲದಲ್ಲಿ ಆಳೆತ್ತರ ಹಿಮ ಬೀಳುತ್ತದೆ, ಅದನ್ನು ಗೋರಿ ಕೆಳಗೆ ಹಾಕಬೇಕು. ಹಿಮ ಕರಗುವಾಗ ಮಣ್ಣು ಬಾಯಿ ಬಿಡುತ್ತದೆ, ಆಗ ಕಲ್ಲು ಉರುಳಿಸಿ ಗಟ್ಟಿ ಮಾಡಬೇಕು. ಇಲ್ಲದಿದ್ದರೆ ಗಂಜಿಯ ಪಾತ್ರೆಗೆ ಕೆಸರು ತೊಟ್ಟಿಕ್ಕುತ್ತದೆ. ಊರು ಇರುವುದು ಕಣಿವೆಯ ಎರಡು ಮಗ್ಗುಲಲ್ಲಿ, ಮೆಟ್ಟಿಲು ಮೆಟ್ಟಿಲಾಗಿ. ಮೇಲಿನ ಮನೆಯವರಿಗೆ ಅಂಗಳ ಎಂದರೆ ಕೆಳಗಿನ ಮನೆಯವರ ಮಾಳಿಗೆ. ಹಾಗಾಗಿ ಇನ್ನೊಬ್ಬರ ಮಾಳಿಗೆಗೆ ಕಾಲಿಡುವ ಗಂಡಸು ಮೊದಲು ದೊಡ್ಡದಾಗಿ "ದಸ್ತೂರ್" ಎಂದು ಕೂಗಬೇಕು. ಬರುತ್ತಿದ್ದೇನೆ, ಅಪ್ಪಣೆ ಇರಲಿ ಎಂದು ಅದರ ಅರ್ಥ. ಕೆಳಗಿನ ಅಂಗಳದಲ್ಲಿ ತಲೆಗೂದಲು ಬಿಚ್ಚಿ ಕೂತ ಹೆಂಗಸರು ಸೆರಗು ಎಳೆದುಕೊಳ್ಳುತ್ತಾರೆ ಇಲ್ಲವೇ ಒಳಗೆ ಹೋಗುತ್ತಾರೆ. ಕೂಗದೆ ಕಾಲಿಟ್ಟವನು ಕಳ್ಳ, ಇಲ್ಲವೇ ಪೋಲಿ.

ಅಪ್ಪನಿಗೆ ಇದು ದಿನಕ್ಕೆ ನಲವತ್ತು ಸಲದ ಮಾತು. ಅವನ ದಸ್ತೂರ್ ಉದ್ದ, ಕೊನೆಯಲ್ಲಿ ಸ್ವಲ್ಪ ಮೇಲೇಳುತ್ತಿತ್ತು. ಮದುವೆಯಾದ ದಿನ ಒಳಮನೆಯ ಬಾಗಿಲಲ್ಲಿ ನಿಂತು ಹಾಗೇ ಕೂಗಿದನಂತೆ, ಹೊರಗೆ ಕೂತಿದ್ದ ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಅವ್ವ ಇದನ್ನು ಹೇಳಿ ಹೇಳಿ ಅವನನ್ನು ಗೋಳಾಡಿಸುತ್ತಿದ್ದಳು.

ಮಹಾಯುದ್ಧಕ್ಕೆ ಮುಂಚಿನ ವಸಂತದಲ್ಲಿ ನನಗೆ ಎಂಟು ವರ್ಷ. ಸುಲ್ತಾನನ ಹೆಸರಿನಲ್ಲಿ ಇಸ್ತಾಂಬುಲಿನಿಂದ ಬಂದ ಹೊಸ ಅಧಿಕಾರಿಗಳು ನಮ್ಮ ಕಡೆಯ ಜನರನ್ನು ಮನುಷ್ಯರೆಂದು ಎಣಿಸುತ್ತಿರಲಿಲ್ಲ. ಬೆಟ್ಟದ ಶೇಖ್‌ಗಳೂ ಮುಲ್ಲಾಗಳೂ ಇನ್ನು ಸಹಿಸುವುದಿಲ್ಲ ಎಂದು ಎದ್ದರು. ಹಿಜಾನ್ ಕಡೆಯಿಂದ ನಮ್ಮ ಕುರ್ದಿ ಗಂಡಸರು ನೂರಾರು ಮಂದಿ ಇಳಿದು ಬಂದರು. ಕೆಲವರ ಕೈಯಲ್ಲಿ ಬಂದೂಕು, ಹಲವರ ಕೈಯಲ್ಲಿ ದೊಣ್ಣೆ. ಊರಿನ ಮೇಲುಭಾಗ ಅವರ ಕೈಗೆ ಬಂತು. ಕೆಳಗೆ ಹೊಳೆಯ ಸೇತುವೆ ಮತ್ತು ಸಿಪಾಯಿಗಳ ಠಾಣೆ ಸರ್ಕಾರದ ಕೈಯಲ್ಲೇ ಉಳಿದವು. ಸೇತುವೆಯ ಪಕ್ಕ ಒಂದು ಫಿರಂಗಿ ಇತ್ತು. ಅದು ಇರುವವರೆಗೆ ಯಾರೂ ಪೇಟೆಗೆ ಇಳಿಯುವಂತಿರಲಿಲ್ಲ.

ಆ ಫಿರಂಗಿಯ ನೆತ್ತಿಯ ಮೇಲೇ ಒಂದು ಮಾಳಿಗೆ ಇತ್ತು, ಚಪ್ಪಲಿ ಹೊಲೆಯುವ ಅರ್ಮೇನಿಯನ್ ಮರ್ದಿರೋಸನದು. ಅಲ್ಲಿಗೆ ಸದ್ದಿಲ್ಲದೆ ಹೋದರೆ ಫಿರಂಗಿಯವರನ್ನು ಮೇಲಿನಿಂದಲೇ ಹೊಡೆದು ಹಾಕಬಹುದು. ಆದರೆ ಹಿಮ ಕರಗುವ ಕಾಲ, ಯಾವ ಮಾಳಿಗೆ ಭಾರ ತಾಳುತ್ತದೆ, ಯಾವುದು ಕುಸಿಯುತ್ತದೆ ಎಂದು ತಿಳಿದವನು ಬೇಕು. ಅಂಥವನು ಊರಿಗೆಲ್ಲ ಒಬ್ಬನೇ. ಜನ ನಮ್ಮ ಮನೆಗೆ ಬಂದು ಅಪ್ಪನನ್ನು ಕೇಳಿದರು. ಯಾರೂ ಯಾವತ್ತೂ ಅವನನ್ನು ಅಂಥ ದೊಡ್ಡ ಕೆಲಸಕ್ಕೆ ಕರೆದಿರಲಿಲ್ಲ. ಅವ್ವ ಬೇಡ ಅಂದಳು. ಅವನು ಆಗಲೇ ಎದ್ದು ಸೊಂಟಕ್ಕೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ.

ಮೂರನೆಯ ದಿನ ಬೆಳಿಗ್ಗೆ ಕಣಿವೆಯ ತುಂಬ ಮಂಜು ತುಂಬಿತು. ಚಾಚಿದ ಕೈ ಕಾಣದಷ್ಟು ಮಂಜು. ಹನ್ನೊಂದು ಜನ ಹೊರಟರು. ಎಲ್ಲರಿಗಿಂತ ಮುಂದೆ ಶಮ್‌ದೀನ್ ಎನ್ನುವ ಇಪ್ಪತ್ತರ ಹುಡುಗ, ನಮ್ಮ ಓಣಿಯ ವಿಧವೆ ರೆವ್ಶೆಯ ಒಬ್ಬನೇ ಮಗ. ದಾರಿ ತೋರಿಸುವ ಅಪ್ಪನೇ ಮುಂದಿರಬೇಕಿತ್ತು, ಆದರೆ ಆ ಹುಡುಗನಿಗೆ ತಾಳ್ಮೆ ಎಲ್ಲಿಯದು! ಅಪ್ಪ ಎರಡನೆಯವನಾದ. ಕಾಲಿಗೆ ಬಟ್ಟೆ ಸುತ್ತಿಕೊಂಡು, ಉಸಿರು ಬಿಗಿಹಿಡಿದು, ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಇಳಿಯುತ್ತ ಹೋದರು. ಆರು ಮಾಳಿಗೆ ದಾಟಿದರು. ದಾರಿಯ ಆ ಮನೆಗಳೆಲ್ಲ ಖಾಲಿ, ಜನ ಮೇಲಿನ ಕೇರಿಗಳಿಗೆ ಓಡಿಹೋಗಿದ್ದರು. ಏಳನೆಯದು ಮರ್ದಿರೋಸನದು. ಅಲ್ಲಿಂದ ಹೊಗೆಯ ವಾಸನೆ ಬಂತು. ಕೆಳಗಿನ ಅಂಗಳದಲ್ಲಿ ಯಾವುದೋ ಹೆಂಗಸು ತಂದೂರಿನ ಮುಚ್ಚಳ ಸರಿಸಿದ ಸದ್ದಾಯಿತು.

ಅಪ್ಪ "ದಸ್ತೂರ್" ಎಂದು ಕೂಗಿದ.

ಬೇಕೆಂದು ಕೂಗಿದ್ದಲ್ಲ. ಇಪ್ಪತ್ತೈದು ವರ್ಷ ಆ ಮಾಳಿಗೆಯ ಅಂಚಿನಲ್ಲಿ ನಿಂತು ಕೂಗಿದ್ದ. ಹೆಂಗಸಿನ ಸದ್ದು ಕಿವಿಗೆ ಬಿತ್ತು, ಬಾಯಿ ತಾನೇ ತೆರೆದುಕೊಂಡಿತು. ಪೂರ್ತಿ ಗಂಟಲಲ್ಲಿ ಅಲ್ಲ, ಅರ್ಧ ಗಂಟಲಲ್ಲಿ, ಒಣಗಿದ ದನಿಯಲ್ಲಿ. ಆದರೂ ಸೇತುವೆಯವರಿಗೆ ಕೇಳಿಸಲು ಅಷ್ಟು ಸಾಕಾಯಿತು. ಅವರು ಮಂಜಿನೊಳಕ್ಕೆ ಸುಮ್ಮನೆ ಗುಂಡು ಹಾರಿಸಿದರು. ಹಿಂದಿದ್ದ ಇಬ್ಬರು ಸತ್ತರು. ಮುಂದಿದ್ದ ಶಮ್‌ದೀನ್ ಸತ್ತ. ಅವನ ಬೆನ್ನಿಗಿದ್ದ ಅಪ್ಪನಿಗೆ ಒಂದು ಗೀರೂ ಆಗಲಿಲ್ಲ.

ಅಪ್ಪ ಶಮ್‌ದೀನನನ್ನು ಹೆಗಲ ಮೇಲೆ ಹೊತ್ತು ಹಿಂದಕ್ಕೆ ತಂದ. ಉಳಿದವರು ಸುತ್ತಲೂ ನಿಂತು ಕೂಗಿದವನು ಯಾರು ಎಂದು ಕೇಳಿದರು. ಮುಂದಿನಿಂದ ಬಂತು ಎಂದ ಒಬ್ಬ. ಹಾಗಾದರೆ ಈ ಹುಡುಗನೇ ಎಂದ ಇನ್ನೊಬ್ಬ. ನಂತರ ಎಲ್ಲರೂ ಅಪ್ಪನ ಕಡೆ ನೋಡಿದರು, ಅವನು ಹುಡುಗನ ಬೆನ್ನಿಗೇ ಇದ್ದನಲ್ಲ. ಅಪ್ಪ ಹೇಳಿದ್ದು ಒಂದೇ ಮಾತು: "ಮಂಜಿತ್ತು."

ಸುಳ್ಳಲ್ಲ. ಮಂಜಿತ್ತು. ನಮ್ಮಪ್ಪ ಬದುಕಿನಲ್ಲಿ ಸುಳ್ಳು ಹೇಳಿದವನಲ್ಲ ಎಂದು ನಾನು ಹುಡುಗಿಯಾಗಿದ್ದಾಗ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಈಗ ನೆನೆದರೆ ಮೈ ಹಿಡಿಯಾಗುತ್ತದೆ.

ಎರಡು ದಿನಕ್ಕೆ ದಂಗೆ ಮುರಿಯಿತು. ಬೇರೆ ಊರಿನಿಂದ ಪಡೆ ಬಂತು, ಬೆಟ್ಟದವರು ಬಂದ ದಾರಿಯಲ್ಲೇ ಚದುರಿದರು, ಸಿಕ್ಕಿಬಿದ್ದವರನ್ನು ಪೇಟೆಯಲ್ಲಿ ನೇಣಿಗೆ ಹಾಕಿದರು. ಅಷ್ಟು ದೊಡ್ಡ ಸೋಲಿಗೆ ಊರಿಗೆ ಒಂದು ಸಣ್ಣ ಕಾರಣ ಬೇಕಿತ್ತು. ಬಂದೂಕು ಸಾಲದೆ ಸೋತೆವು, ಮುಖಂಡರು ಒಬ್ಬರ ಕಾಲು ಒಬ್ಬರು ಎಳೆದು ಸೋತೆವು ಎಂದು ಹೇಳಲು ಯಾರಿಗೆ ಬಾಯಿ ಬರುತ್ತದೆ? ಶಮ್‌ದೀನ್ ಕೂಗಿದ್ದರಿಂದ ಸೋತೆವು ಎಂದರೆ ಮುಗಿಯಿತು. ಸತ್ತವನು ಎದ್ದು ಬಂದು ಕೇಳುತ್ತಾನೆಯೇ? ಬೇಸಿಗೆ ಬರುವ ಹೊತ್ತಿಗೆ ಅದು ಗಾದೆಯೇ ಆಗಿಹೋಯಿತು. ಹಾಲು ಉಕ್ಕಿಸಿದವಳಿಗೆ, ಗುಟ್ಟು ಬಿಟ್ಟವನಿಗೆ, ಮಾಡಿದ ಕೆಲಸ ಕೊನೆಗಳಿಗೆಯಲ್ಲಿ ಕೆಡಿಸಿದವನಿಗೆ ಎಲ್ಲರಿಗೂ ಒಂದೇ ಮಾತು: "ಇದೂ ಶಮ್‌ದೀನನ ದಸ್ತೂರ್ ಆಯ್ತು ನೋಡು."

ನಾನೂ ಅಂದಿದ್ದೇನೆ. ಬುಗ್ಗೆಯ ಹತ್ತಿರ ಅಕ್ಕ ಕೊಡ ಜಾರಿಸಿದಾಗ ಅಂದೆ. ಪಕ್ಕದಲ್ಲಿ ರೆವ್ಶೆ ದೊಡ್ಡಮ್ಮನ ಮಗಳು ಹೆನಾರ್ ನೀರು ತುಂಬುತ್ತಿದ್ದಳು. ನನಗಿಂತ ಒಂದು ವರ್ಷ ದೊಡ್ಡವಳು, ಅಣ್ಣ ಸತ್ತು ಇನ್ನೂ ಮೂರು ತಿಂಗಳಾಗಿರಲಿಲ್ಲ. ಅವಳು ಕೊಡ ಎತ್ತಿಕೊಂಡು ಹೊರಟುಹೋದಳು. ನನ್ನ ನಾಲಿಗೆಯನ್ನು ಆಗಲೇ ಯಾರಾದರೂ ಸುಟ್ಟಿದ್ದರೆ ಒಳ್ಳೆಯದಿತ್ತು.

ಅಪ್ಪನ ಮುಂದೆ ಯಾರಾದರೂ ಆ ಮಾತು ಆಡಿದರೆ ಅವನು ಎದ್ದು ಹೋಗುತ್ತಿದ್ದ. ಪಕ್ಕದಲ್ಲೇ ಸತ್ತ ಹುಡುಗನ ನೆನಪು ಪಾಪ ಎಂದು ಜನ ಅವನನ್ನು ಮೆಚ್ಚುತ್ತಿದ್ದರು. ರೆವ್ಶೆಯ ಮಾಳಿಗೆಯನ್ನು ಅವನು ಎಲ್ಲರಿಗಿಂತ ಮೊದಲು, ಪುಕ್ಕಟೆಯಾಗಿ ಉರುಳಿಸುತ್ತಿದ್ದ. ಅದಕ್ಕೂ ಮೆಚ್ಚುತ್ತಿದ್ದರು. ಕೆಲಸ ಮುಗಿದ ಮೇಲೆ ಅವಳು ಒಂದು ಬಟ್ಟಲು ಮಜ್ಜಿಗೆ ಕೊಟ್ಟು ಎದುರಿಗೆ ಕೂರುತ್ತಿದ್ದಳು. ಅಪ್ಪ ಕುಡಿದು, ದೇವರು ಒಳ್ಳೇದು ಮಾಡಲಿ ಅಂದು, ಬರುತ್ತಿದ್ದ.

ಮರುವರ್ಷದ ಬೇಸಿಗೆಯ ಮಾತನ್ನು ನಮ್ಮೂರಲ್ಲಿ ಯಾರೂ ಎತ್ತುವುದಿಲ್ಲ. ಎತ್ತದೆ ಬಿಟ್ಟರೆ ಈ ಕಥೆ ಹೇಳುವ ಯೋಗ್ಯತೆ ನನಗಿಲ್ಲ. ಸರ್ಕಾರದ ಸಿಪಾಯಿಗಳು ಮರ್ದಿರೋಸನನ್ನೂ ಆ ಕೇರಿಯ ಅರ್ಮೇನಿಯನ್ ಗಂಡಸರನ್ನೂ ಕಟ್ಟಿಕೊಂಡು ಹೋದರು, ಆಮೇಲೆ ಹೆಂಗಸರನ್ನೂ ಮಕ್ಕಳನ್ನೂ ನಮ್ಮ ಮನೆಗಳ ಮುಂದಿನಿಂದಲೇ ಅಟ್ಟಿಕೊಂಡು ಹೋದರು. ಒಬ್ಬರೂ ತಿರುಗಿ ಬರಲಿಲ್ಲ. ಅಟ್ಟಿದವರಲ್ಲಿ ನಮ್ಮವರೂ ಇದ್ದರು. ಅಪ್ಪ ಮಾಳಿಗೆಯ ಮೇಲೆ ನಿಂತು ನೋಡುತ್ತಿದ್ದ. ಕೂಗಬಾರದಾಗ ಕೂಗಿದ ಗಂಟಲು ಅವತ್ತು ಪಿಟ್ಟೆನ್ನಲಿಲ್ಲ. ನಾವೆಲ್ಲ ಒಳಗೆ ಬಾಗಿಲು ಹಾಕಿಕೊಂಡು ಕೂತಿದ್ದೆವು.

ಅದರ ಮುಂದಿನ ಚಳಿಗಾಲ ರಷ್ಯನ್ನರು ಬಂದರು, ನಾವು ಹಿಮದಲ್ಲಿ ದಕ್ಷಿಣಕ್ಕೆ ಓಡಿದೆವು. ನಾಲ್ಕು ವರ್ಷ ಕಂಡವರ ಊರಿನಲ್ಲಿ ಕಳೆದು ಹಿಂತಿರುಗಿದಾಗ ಅರ್ಧ ಊರಿಗೆ ಮಾಳಿಗೆಯೇ ಇರಲಿಲ್ಲ. ರೆವ್ಶೆಯೂ ಹೆನಾರಳೂ ತಿರುಗಿ ಬಂದರು. ಅವರ ಕಡೆಯ ಗಂಡಸರೆಂದು ಉಳಿದವರು ಯಾರೂ ಇಲ್ಲ, ಶಮ್‌ದೀನನ ಚಿಕ್ಕಪ್ಪ ಕಾದೊ ಕೂಡ ದಾರಿಯಲ್ಲೇ ಸತ್ತಿದ್ದ. ಊರು ಹಾಳಾಗಿತ್ತು, ಗಾದೆ ಮಾತ್ರ ಗಟ್ಟಿಯಾಗಿತ್ತು.

ಹೆನಾರಳಿಗೆ ಹದಿನೇಳು ತುಂಬಿದಾಗ ಮೊತ್ಕಿ ಕಡೆಯ ಒಳ್ಳೆಯ ಮನೆತನವೊಂದು ಹೆಣ್ಣು ಕೇಳಿಕೊಂಡು ಬಂತು. ಹುಡುಗ ಅವಳನ್ನು ಬುಗ್ಗೆಯ ದಾರಿಯಲ್ಲಿ ನೋಡಿದ್ದ, ಅವಳೂ ನೋಡಿದ್ದಳು. ಹೆಣ್ಣಿನ ಕಡೆಗೆ ಹಿರಿಯ ಗಂಡಸೊಬ್ಬ ಕೂರಬೇಕು, ಹೆಂಗಸರೇ ಕೂತು ಮಾತಾಡುವ ಹಾಗಿಲ್ಲ. ರೆವ್ಶೆ ನಮ್ಮ ಮನೆಗೆ ಬಂದು ಅಪ್ಪನನ್ನೇ ಕೂರಬೇಕೆಂದು ಕೇಳಿದಳು. ಅಪ್ಪ ಬೇರೆಯವರ ಹೆಸರು ಹೇಳಿದ. ಅವಳು ಬೇರೆಯವರು ಬೇಡ ಅಂದಳು.

ಅವರು ಬಂದ ದಿನ ರೆವ್ಶೆಯ ಮನೆಯ ಒಳಕೋಣೆಯಲ್ಲಿ ನಾನೂ ಹೆನಾರಳೂ ಒಣದ್ರಾಕ್ಷಿಯ ಶರಬತ್ತು ಮಾಡಿಟ್ಟು ಬಾಗಿಲ ಸಂದಿಗೆ ಕಿವಿ ಕೊಟ್ಟು ಕೂತೆವು. ಮಾತು ನಿಶ್ಚಯವಾದರೆ ಆ ಶರಬತ್ತು ಕುಡಿಯಬೇಕು. ಬಂದವರು ಹವಾಮಾನದ ಮಾತಾಡಿದರು, ಕುರಿಯ ಮಾತಾಡಿದರು. ಹುಡುಗನ ದೊಡ್ಡಪ್ಪ ಫೆರ್ಹೊ ಎಂಬವನು ಗಟ್ಟಿ ಮನುಷ್ಯ, ಗಂಟಲು ಸರಿಮಾಡಿಕೊಂಡು ಕೇಳಿದ:

"ಮಿಸ್ತೊ, ತಪ್ಪು ತಿಳೀಬೇಡ. ಆ ಗಾದೆ ಇದೆಯಲ್ಲ, ಅದು ಈ ಹುಡುಗಿ ಅಣ್ಣಂದೇನಾ? ನೀನು ಅವನ ಬೆನ್ನ ಹಿಂದೇ ಇದ್ದೆಯಂತೆ. ನೀನು ಅಲ್ಲ ಅಂದ್ರೆ ನಂಗೆ ಸಾಕು, ಇನ್ನೊಬ್ಬರನ್ನ ಕೇಳಲ್ಲ."

ಒಳಗೆ ಹೆನಾರ್ ನನ್ನ ಮೊಣಕೈ ಹಿಡಿದಳು. ಅವಳಿಗೆ ಏನೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಅಲ್ಲ ಅನ್ನು ಅಪ್ಪ, ಒಂದು ಸುಳ್ಳು ಹೇಳಿದರೆ ನಿನ್ನ ಗಂಟೇನು ಹೋಗುತ್ತದೆ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಮಂಜಿತ್ತು," ಅಂದ ಅಪ್ಪ.

ಫೆರ್ಹೊ ಮೀಸೆ ಒರೆಸಿಕೊಂಡು, ಮನೆಯಲ್ಲಿ ಇನ್ನೊಮ್ಮೆ ಕೇಳಿ ಹೇಳುತ್ತೇವೆ ಅಂದ. ಶರಬತ್ತಿನ ತಟ್ಟೆ ಹೊರಗೆ ಹೋಗಲೇ ಇಲ್ಲ. ಅವರ ಚಪ್ಪಲಿಯ ಸದ್ದು ಓಣಿಯಲ್ಲಿ ಇಳಿದು ಹೋದ ಮೇಲೆ ಹೆನಾರ್ ನನ್ನ ಮೊಣಕೈ ಬಿಟ್ಟು, ಶರಬತ್ತನ್ನು ಹಾಗೇ ಮಡಕೆಗೆ ಸುರಿದಳು.

ಅಪ್ಪ ಅವತ್ತು ಊಟ ಮಾಡಲಿಲ್ಲ. ಮಾರನೆಯ ದಿನ ಬೆಳಿಗ್ಗೆ ನನ್ನನ್ನೂ ಅವ್ವನನ್ನೂ ಜೊತೆಗೆ ಬರಲು ಹೇಳಿದ. ಕೆಲಸವಿಲ್ಲದೆ ವಿಧವೆಯ ಮನೆಗೆ ಗಂಡಸು ಒಬ್ಬನೇ ಹೋಗುವಂತಿಲ್ಲವಲ್ಲ. ರೆವ್ಶೆ ಅಂಗಳದಲ್ಲಿ ಉಣ್ಣೆ ಬಿಡಿಸುತ್ತಿದ್ದಳು. ಹೆನಾರ್ ಒಲೆಯ ಹತ್ತಿರ. ಅಪ್ಪ ಕೂರಲಿಲ್ಲ. ನಿಂತೇ ಹೇಳಿದ.

"ಅಕ್ಕ, ಅವತ್ತು ಕೂಗಿದ್ದು ನಾನು. ನಿನ್ನ ಮಗ ಅಲ್ಲ. ಎಂಟು ವರ್ಷ ನಾನು ಬಾಯಿ ಬಿಡಲಿಲ್ಲ."

ರೆವ್ಶೆ ದೊಡ್ಡಮ್ಮ ಚೀರಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಉಣ್ಣೆಯಲ್ಲಿ ಸಿಕ್ಕಿದ್ದ ಮುಳ್ಳೊಂದನ್ನು ತೆಗೆದು ಪಕ್ಕಕ್ಕೆ ಹಾಕಿದಳು.

"ಗೊತ್ತು ಕಣೋ ಮಿಸ್ತೊ," ಅಂದಳು. "ನನ್ನ ಮಗ ಹುಟ್ಟಿದಾಗಿಂದ ಒಂದು ಸಲ ದಸ್ತೂರ್ ಅಂದವನಲ್ಲ. ಮೇಕೆ ಥರ ಕಂಡ ಕಂಡ ಮಾಳಿಗೆ ಮೇಲೆ ಹಾರ್ತಿದ್ದ. ನಿನ್ನ ಹೆಂಡ್ತೀನೇ ನನ್ನ ಹತ್ರ ಬಂದು ಎಷ್ಟು ಸಲ ಜಗಳ ಆಡಿದಾಳೆ, ಕೇಳು. ಅಂಥವನು ಸಾಯೋ ದಿನ ಮರ್ಯಾದೆ ಕಲಿತನಾ?"

ನಾನು ಅವ್ವನ ಮುಖ ನೋಡಿದೆ. ಅವ್ವ ನೆಲ ನೋಡುತ್ತಿದ್ದಳು. ಹಾಗಾದರೆ ಅವ್ವನಿಗೂ ಗೊತ್ತಿತ್ತು. ಓಣಿಯ ಹೆಂಗಸರಿಗೆಲ್ಲ ಗೊತ್ತಿದ್ದಿರಬೇಕು. ಗಂಡಸರು ಮಂಜಿನಲ್ಲಿ ಕೇಳಿದ್ದು ಸಾಕ್ಷಿಯಾಯಿತು. ಹೆಂಗಸರು ಹಾಡಹಗಲಲ್ಲಿ ಕಂಡದ್ದನ್ನು ಕೇಳಿದವರು ಯಾರು?

ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಅಪ್ಪ ಕೇಳಿದ. ಕೇಳಲು ಅವನಿಗೆ ಮುಖವಾದರೂ ಹೇಗೆ ಬಂತೋ.

"ಮೊದಲು ಕಾದೊ ಇದ್ದ. ಹೇಳಿದ್ರೆ ನಿನ್ನ ಸುಟ್ಟು ಹಾಕ್ತಿದ್ದ. ನಿನ್ನವು ಮೂರೂ ಹೆಣ್ಣು, ಈ ಬೆಸ್ನಾ ಮೂಗಿನ ಸಿಂಬಳ ಒರೆಸ್ಕೊಳಕ್ಕೂ ಬರದ ಮಗು. ನನ್ನ ಮನೇಲಿ ಒಂದು ಹೋಗಿತ್ತು, ಇನ್ನು ಯಾರ ಮನೆ ಹಾಳು ಮಾಡ್ಲಿ? ಕಾದೊ ಸತ್ತ ಮೇಲೆ, ನೀನೇ ಹೇಳ್ತೀಯ ಅಂತ ಕಾದೆ. ನನ್ನ ಬಾಯಿಂದ ಬಂದ್ರೆ ತಾಯಿ ಕರುಳು ಅಂತಾರೆ, ಯಾರೂ ನಂಬಲ್ಲ. ನಿನ್ನ ಬಾಯಿಂದ ಬರ್ಬೇಕಿತ್ತು." ಅವಳು ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದಳು. "ನಿನ್ನೆ ನಿನ್ನನ್ನೇ ಯಾಕೆ ಅವ್ರ ಮುಂದೆ ಕೂರಿಸಿದೆ ಅಂದ್ಕೊಂಡೆ? ಅವ್ರು ಕೇಳೇ ಕೇಳ್ತಾರೆ ಅಂತ ಗೊತ್ತಿತ್ತು. ನನ್ನ ಮಗಳ ಮುಂದೆ, ಪರವೂರವರ ಮುಂದೆ ಇವ್ನು ಸುಮ್ನಿರಲಾರ ಅಂದ್ಕೊಂಡೆ. ಅಷ್ಟು ನಂಬಿದ್ದೆ ನಿನ್ನ."

ಅಪ್ಪ ಅಲ್ಲೇ ನೆಲದ ಮೇಲೆ ಕೂತ. ಹೆನಾರ್ ಒಲೆಯ ಹತ್ತಿರದಿಂದ ಎದ್ದು, ನಮ್ಮ ಯಾರ ಮುಖವನ್ನೂ ನೋಡದೆ ಒಳಗೆ ಹೋದಳು.

ಆ ಶುಕ್ರವಾರ ನಮಾಜು ಮುಗಿದ ಮೇಲೆ ಅಪ್ಪ ಮಸೀದಿಯ ಅಂಗಳದಲ್ಲಿ ಟೋಪಿ ತೆಗೆದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ. ಮರುದಿನವೇ ಮೊತ್ಕಿಗೆ ನಡೆದುಕೊಂಡು ಹೋದ. ಫೆರ್ಹೊ ಅವನಿಗೆ ಊಟ ಹಾಕಿ, ದೊಡ್ಡ ಮನಸ್ಸು ಮಾಡಿದೆ ಎಂದು ಭುಜ ತಟ್ಟಿ, ಹುಡುಗನಿಗೆ ಬೇರೆ ಕಡೆ ಶರಬತ್ತು ಕುಡಿದಾಯಿತು ಅಂದ. ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಳ್ಳಲಾಗುತ್ತದೆಯೇ ಅಂದ. ಅಪ್ಪ ಕಾಲಲ್ಲಿ ಬೊಬ್ಬೆ ಹೊತ್ತು ಹಿಂತಿರುಗಿದ.

ಇನ್ನು ಊರಿನ ಕಥೆ ಕೇಳಿ. ಒಂದೆರಡು ವಾರ ಮಿಸ್ತೊನ ದಸ್ತೂರ್ ಅಂದು ನೋಡಿದರು, ನಾಲಿಗೆಗೆ ಒಗ್ಗಲಿಲ್ಲ, ಮತ್ತೆ ಹಳೆಯದಕ್ಕೇ ಬಂದರು. ಅಪ್ಪನ ಮೇಲೆ ಯಾರೂ ಕಲ್ಲೆಸೆಯಲಿಲ್ಲ. ಬದಲಿಗೆ, ತಾನಾಗಿ ಬಂದು ತಪ್ಪು ಒಪ್ಪಿಕೊಂಡ ಗಂಡು ಎಂದು ಅವನಿಗೆ ಮರ್ಯಾದೆ ಹೆಚ್ಚಿತು. ಪಂಚಾಯಿತಿಗೆ ಕರೆಯತೊಡಗಿದರು. ಅವನು ಹೋಗುತ್ತಿರಲಿಲ್ಲ. ಆ ಮರ್ಯಾದೆ ಅವನನ್ನು ತಿನ್ನುತ್ತಿತ್ತು. ಮೂರು ವರ್ಷದಲ್ಲಿ ಅವನ ಗಡ್ಡ ಪೂರ್ತಿ ಬೆಳ್ಳಗಾಯಿತು.

ನನಗೆ ಗಂಡು ಬಂದದ್ದೂ ಅದೇ ಕಾರಣದಿಂದ. ಸತ್ಯ ಹೇಳುವವನ ಮನೆ, ಹೆಣ್ಣು ತರಲು ಕಣ್ಣುಮುಚ್ಚಿ ಒಪ್ಪಬಹುದು ಎಂದು ನನ್ನ ಮಾವನ ಕಡೆಯವರು ಒಂದೇ ಬೈಠಕ್ಕಿನಲ್ಲಿ ಶರಬತ್ತು ಕುಡಿದರು. ಹೆನಾರಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಅವಳಿಗೆ ಇಪ್ಪತ್ತು ದಾಟಿತ್ತು. ತಪ್ಪು ಮಾಡಿದ ಮನೆಯ ಮಗಳು ಹಸೆಗೆ ಏರಿದಳು, ಏನೂ ಮಾಡದ ಮನೆಯ ಮಗಳು ತಾಯಿಯ ಜೊತೆ ಉಣ್ಣೆ ಬಿಡಿಸುತ್ತ ಉಳಿದಳು. ಇದರಲ್ಲಿ ನ್ಯಾಯ ಎಲ್ಲಿದೆ ಎಂದು ಹೇಳುವವರಿದ್ದರೆ ಬಂದು ನನಗೆ ಹೇಳಲಿ.

ಗೋರಂಟಿಯ ದಿನ ಮದುಮಗಳ ಕೈಗೆ ಮೆತ್ತಲು ಓಣಿಯ ಮದುವೆಯಾಗದ ಹುಡುಗಿ ಬೇಕು. ಉಳಿದಿದ್ದವಳು ಅವಳೊಬ್ಬಳೇ. ಕರೆಯಬೇಡಿ ಎಂದು ನಾನು ಅವ್ವನ ಕಾಲು ಹಿಡಿದೆ. ಅವ್ವ ಕರೆಯುವ ಮುಂಚೆಯೇ ಅವಳು ಬಂದಿದ್ದಳು. ಹೆಂಗಸರು ಸುತ್ತ ಕೂತು ಹಾಡುತ್ತಿದ್ದರು. ಹೊಸ್ತಿಲ ಹೊರಗೆ ಅಪ್ಪ ನಮಗೆ ಬೆನ್ನು ಹಾಕಿ ನಿಂತಿದ್ದ. ಹೆನಾರ್ ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ನನ್ನ ಬೆರಳು ನಿಲ್ಲದೆ ನಡುಗುತ್ತಿದ್ದವು, ಕಣ್ಣೆತ್ತಲು ಆಗಲಿಲ್ಲ.

ಅವಳು ಬಗ್ಗಿ, ಬೇರೆಯವರಿಗೆ ಕೇಳದ ಹಾಗೆ ಅಂದಳು: "ನಾಚ್ಕೆ ಆಗ್ತಿದ್ರೆ ಆಗ್ಲಿ ಬೆಸ್ನಾ, ಆಗ್ಬೇಕಾದ್ದೇ. ಆದ್ರೆ ಕೈ ಅಲ್ಲಾಡಿಸ್ಬೇಡ, ಬಣ್ಣ ಕೆಡುತ್ತೆ."